ಐವತ್ತು ಪೈಸೆಯ ಚೀಟಿ: ಅಂಚೆಚೀಟಿಯ ಮೇಲಿನ ಯೋಧರು ಮತ್ತು ನಮ್ಮ ಸೀಮೆಯ ನೆನಪುಗಳು

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್)

ನಮ್ಮ ಶಾಲೆ ಬಾಗಿಲು ತೆರೆದ 1974ನೇ ಇಸವಿಯಲ್ಲಿಯೇ ಭಾರತದ ಅಂಚೆ ಇಲಾಖೆ ಗಣ್ಯ ವ್ಯಕ್ತಿಗಳ ಮೂರು ಅಂಚೆಚೀಟಿಗಳನ್ನು ಒಟ್ಟಿಗೆ ಹೊರತಂದಿತು. ಒಂದರಲ್ಲಿ ತೆಲುಗು ನಾಡಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ, ಇನ್ನೊಂದರಲ್ಲಿ ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಜರ್ಮನ್ ಮೂಲದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್, ಮತ್ತೊಂದರಲ್ಲಿ ಟಿಪ್ಪು ಸುಲ್ತಾನ. ಟಿಪ್ಪುವಿನ ಚೀಟಿಯ ಬೆಲೆ 50 ಪೈಸೆ. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಆ ಚೀಟಿಗೂ ಐವತ್ತು ತುಂಬಿದೆ.

ಈ ಐವತ್ತು ವರ್ಷಗಳಲ್ಲಿ ಆ ಚೀಟಿ ಬದಲಾಗಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿದೆ. 2015ರ ನವೆಂಬರ್ 10ರಂದು ರಾಜ್ಯ ಸರಕಾರ ಮೊದಲ ಬಾರಿ ಟಿಪ್ಪು ಜಯಂತಿ ಆಚರಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. ಮುಂದಿನ ವರ್ಷಗಳಲ್ಲಿ ಜಯಂತಿ ಬಂತೆಂದರೆ ಪೊಲೀಸ್ ಬಂದೋಬಸ್ತು ಎಂಬಂತಾಯಿತು. 2019ರ ಜುಲೈ ತಿಂಗಳಲ್ಲಿ ಹೊಸ ಸರಕಾರ ಬಂದು ಆಚರಣೆಯನ್ನೇ ಕೈಬಿಟ್ಟಿತು. ವ್ಯಕ್ತಿ ಅದೇ. ಗೌರವಿಸಿದವರೂ ಸರಕಾರದವರೇ, ಗೌರವ ಹಿಂತೆಗೆದುಕೊಂಡವರೂ ಸರಕಾರದವರೇ.

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲಾ ದಿನಗಳ ಸವಿನೆನಪು ಬರೆಯುವವರು ಬಹಳ ಜನರಿದ್ದಾರೆ. ಆದ್ದರಿಂದ ನಾನು ಈ ವಿಷಯವನ್ನು ಎತ್ತಿಕೊಂಡಿದ್ದೇನೆ. ಕತ್ತಿ ಹಿಡಿದು ಬದುಕಿದವರನ್ನು, ಅದರಲ್ಲೂ ಒಬ್ಬರಿಗೆ ವೀರನಾಗಿ ಇನ್ನೊಬ್ಬರಿಗೆ ಕ್ರೂರಿಯಾಗಿ ಕಾಣುವವರನ್ನು, ಸರಕಾರ ಅಂಚೆಚೀಟಿಯ ಮೇಲೆ ತರಬೇಕೇ? ತಂದರೆ ಅದರ ಅರ್ಥವೇನು? ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಚೀಟಿಯ ಮೇಲೆ ಯಾರಿಗೆ ಜಾಗ?

1854ರಲ್ಲಿ ಇಡೀ ಭಾರತಕ್ಕೆ ಅನ್ವಯವಾಗುವ ಅಂಚೆಚೀಟಿ ಬಂದಾಗ ಅದರ ಮೇಲಿದ್ದುದು ವಿಕ್ಟೋರಿಯಾ ರಾಣಿಯ ಮುಖ. ಆಮೇಲೆ ಸುಮಾರು ತೊಂಬತ್ತು ವರ್ಷ ಬ್ರಿಟಿಷ್ ದೊರೆಗಳ ಮುಖಗಳೇ. ಸ್ವಾತಂತ್ರ್ಯ ಬಂದ ಮೇಲೆ, 1947ರ ನವೆಂಬರ್ 21ರಂದು, ರಾಷ್ಟ್ರಧ್ವಜವಿರುವ ಚೀಟಿ ಬಂತು. 1948ರ ಆಗಸ್ಟ್ 15ರಂದು ಗಾಂಧೀಜಿಯವರ ಚೀಟಿಗಳು ಬಂದವು. 1952ರಲ್ಲಿ ಬಂದ ಮಾಲೆಯಲ್ಲಿ ಇದ್ದವರು ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್ ಮತ್ತು ರವೀಂದ್ರನಾಥ ಠಾಕೂರ್. ಹೊಸ ದೇಶ ತನ್ನ ಮುಖವೆಂದು ಮೊದಲು ತೋರಿಸಿದ್ದು ಸೇನಾಪತಿಗಳನ್ನಲ್ಲ, ಸಂತರನ್ನು ಮತ್ತು ಕವಿಗಳನ್ನು. ಇದು ಗಮನಿಸಬೇಕಾದ ಸಂಗತಿ.

ಕತ್ತಿ ಹಿಡಿದವರ ಸರದಿ ಬಂದದ್ದು ನಂತರ. 1857ರ ದಂಗೆಗೆ ನೂರು ವರ್ಷವಾದಾಗ, 1957ರಲ್ಲಿ, ಕುದುರೆಯೇರಿದ ಝಾನ್ಸಿ ರಾಣಿ ಲಕ್ಷ್ಮೀಬಾಯಿಯ ಚೀಟಿ ಬಂತು. 1961ರಲ್ಲಿ ಛತ್ರಪತಿ ಶಿವಾಜಿ, 1964ರಲ್ಲಿ ಸುಭಾಷಚಂದ್ರ ಬೋಸ್, 1974ರಲ್ಲಿ ಟಿಪ್ಪು. 1977ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮನ 25 ಪೈಸೆಯ ಚೀಟಿ. ದಿನಾಂಕವನ್ನು ಹಾಗೆ ಆರಿಸಿದ್ದಕ್ಕೆ ಕಾರಣವಿದೆ. 1824ರಲ್ಲಿ ಅದೇ ದಿನ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾಗಿದ್ದ.

ಅಂಚೆಚೀಟಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿತ್ಯಬಳಕೆಯ ಚೀಟಿಗಳು ವರ್ಷಾನುಗಟ್ಟಲೆ ಮತ್ತೆ ಮತ್ತೆ ಅಚ್ಚಾಗುತ್ತವೆ. ಸ್ಮರಣಾರ್ಥ ಚೀಟಿಗಳು ಒಮ್ಮೆ ನಿಗದಿತ ಸಂಖ್ಯೆಯಲ್ಲಿ ಅಚ್ಚಾದರೆ ಮುಗಿಯಿತು. ಟಿಪ್ಪು, ಚೆನ್ನಮ್ಮ ಎರಡನೆಯ ಬಗೆಯವರು. ಸ್ಮರಣಾರ್ಥ ಚೀಟಿಗೆ ಸಾಮಾನ್ಯ ನಾಗರಿಕರೂ, ಸಂಘಸಂಸ್ಥೆಗಳೂ ಇಲಾಖೆಗೆ ಪ್ರಸ್ತಾವ ಕಳಿಸಬಹುದು. ಅಂಚೆಚೀಟಿ ಸಲಹಾ ಸಮಿತಿ ಎಂಬುದೊಂದಿದೆ, ಅದು ಪರಿಶೀಲಿಸುತ್ತದೆ. ಬದುಕಿರುವವರ ಚಿತ್ರವನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಆದರೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೆ 1960ರಲ್ಲಿ ನೂರು ತುಂಬಿದಾಗ, ಅವರು ಇನ್ನೂ ನಮ್ಮೊಡನಿರುವಾಗಲೇ, ಆ ಗೌರವ ಸಿಕ್ಕಿತು.

ನಿತ್ಯಬಳಕೆಯ ಚೀಟಿಯೂ ರಾಜಕೀಯದಿಂದ ಹೊರಗಿಲ್ಲ. 2015ರಲ್ಲಿ ಇಂದಿರಾ ಗಾಂಧಿ, ರಾಜೀವ್ ಗಾಂಧಿ ಅವರ ನಿತ್ಯಬಳಕೆಯ ಚೀಟಿಗಳನ್ನು ನಿಲ್ಲಿಸಿ, ಶಿವಾಜಿ, ಮಹಾರಾಣಾ ಪ್ರತಾಪ ಮೊದಲಾದವರಿರುವ ಹೊಸ ಮಾಲೆ ತಂದಾಗ ದಿಲ್ಲಿಯಲ್ಲಿ ವಾಗ್ವಾದವೇ ನಡೆಯಿತು. ನಾಸಿಕದ ಮುದ್ರಣಾಲಯದಲ್ಲಿ ಅಚ್ಚಾಗುವ ಬೆರಳುಗಾತ್ರದ ಕಾಗದಕ್ಕೆ ಇಷ್ಟು ಜಗಳವೇಕೆ? ಅದರ ಮೇಲೆ ಸರಕಾರದ ಹೆಸರಿದೆ, ಅದಕ್ಕೆ. ಖಾಸಗಿಯವರು ಪುಸ್ತಕ ಬರೆದರೆ ಅದು ಅವರ ಅಭಿಪ್ರಾಯ. ಚೀಟಿಯ ಮೇಲೆ ‘ಭಾರತ’ ಎಂದು ಅಚ್ಚಾಗಿರುತ್ತದೆ. ಆ ಪದದೊಳಗೆ ನಾವೆಲ್ಲ ಇದ್ದೇವೆ, ಒಪ್ಪುವವರೂ ಒಪ್ಪದವರೂ.

ಟಿಪ್ಪು: ಒಂದು ಚಿತ್ರ, ಹಲವು ಕಡತ

ಟಿಪ್ಪುವನ್ನು ಗೌರವಿಸಬೇಕೆನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಾದಾಡುತ್ತಲೇ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಪ್ರಾಣ ಬಿಟ್ಟ. ಮೈಸೂರು ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ನೋಡಿಯೇ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ. ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಗೆ ಉತ್ತೇಜನ ಕೊಟ್ಟ. 1791ರಲ್ಲಿ ಮರಾಠಾ ಸೈನ್ಯದೊಂದಿಗೆ ಬಂದ ಲೂಟಿಕೋರರು ಶೃಂಗೇರಿ ಮಠವನ್ನು ದೋಚಿದಾಗ, ಮಠದ ಪುನರುದ್ಧಾರಕ್ಕೆ ನೆರವು ಕಳಿಸಿದವನು ಟಿಪ್ಪು. ಅವನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು.

ಒಪ್ಪದವರ ಬಳಿಯೂ ಅಷ್ಟೇ ಗಟ್ಟಿ ಕಾರಣಗಳಿವೆ. 1784ರ ಫೆಬ್ರವರಿಯಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಚರ್ಚುಗಳು ನೆಲಸಮವಾದವು. ಕೊಡವರನ್ನೂ ಹೀಗೆಯೇ ಸೆರೆ ಒಯ್ದು ಮತಾಂತರ ಮಾಡಿಸಲಾಯಿತು. ಎಷ್ಟು ಜನ ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಸೆರೆ ಒಯ್ದದ್ದು ಮಾತ್ರ ಸುಳ್ಳಲ್ಲ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳು ತಮ್ಮ ಹಿರಿಯರು ಟಿಪ್ಪುವಿನ ಕಾಲದಲ್ಲಿ ಕೊಲೆಯಾದರೆಂದು ಇಂದಿಗೂ ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಇನ್ನೂರು ವರ್ಷ ದಾಟಿದ ಮೇಲೂ ದೀಪ ಹಚ್ಚದ ಮನೆಯವರ ಮುಂದೆ ಹೋಗಿ ‘ಅದೆಲ್ಲ ಬ್ರಿಟಿಷರು ಕಟ್ಟಿದ ಕತೆ’ ಎನ್ನುವುದು ನ್ಯಾಯವಲ್ಲ. ಹಾಗೆಯೇ ಶೃಂಗೇರಿಯ ಪತ್ರಗಳನ್ನು ಮುಂದಿಟ್ಟಾಗ ‘ಅದೆಲ್ಲ ನಾಟಕ’ ಎಂದು ತಳ್ಳಿಹಾಕುವುದೂ ನ್ಯಾಯವಲ್ಲ.

ನನ್ನ ವೃತ್ತಿಯಿಂದ ಒಂದು ಹೋಲಿಕೆ ಕೊಡಬಹುದು. ದೊಡ್ಡ ಫೋಟೋವನ್ನು ಮೊಬೈಲಿನಲ್ಲಿ ಕಳಿಸಲೆಂದು ಚಿಕ್ಕದು ಮಾಡಿದಾಗ ಅದರೊಳಗಿನ ಮಾಹಿತಿ ಬಹಳಷ್ಟು ಬಿಟ್ಟುಹೋಗುತ್ತದೆ. ಮುಖ ಗುರುತು ಸಿಗುತ್ತದೆ, ಆದರೆ ಹಿಂದೆ ನಿಂತವರು ಯಾರೆಂದು ತಿಳಿಯುವುದಿಲ್ಲ. ಚಿಕ್ಕದಾದ ಚಿತ್ರವನ್ನು ಎಷ್ಟೇ ಎಳೆದು ದೊಡ್ಡದು ಮಾಡಿದರೂ ಕಳೆದದ್ದು ಮರಳಿ ಬರುವುದಿಲ್ಲ. ಅದಕ್ಕೆ ಮೂಲ ಫೋಟೋವೇ ಬೇಕು. ಅಂಚೆಚೀಟಿಯೂ ಅಂಥದೇ. ಅದನ್ನು ನೋಡಿ ಇತಿಹಾಸ ಕಲಿಯಲು ಹೊರಟರೆ ಹಿಂದೆ ನಿಂತವರು ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ

ಟಿಪ್ಪು ಮಡಿಕೇರಿಗೂ ಮಂಗಳೂರಿಗೂ ಸೇರಿದ ವಿಷಯ, ನಮಗೇನು ಎಂದು ಕೇಳುವವರಿದ್ದಾರೆ. ನಮ್ಮ ಸೀಮೆ ಸೋಂದೆ ಅರಸರ ಆಳ್ವಿಕೆಯಲ್ಲಿತ್ತು. ಟಿಪ್ಪುವಿನ ತಂದೆ ಹೈದರಾಲಿ 1763–64ರ ಸುಮಾರಿಗೆ ಸೋಂದೆಯನ್ನು ಗೆದ್ದಾಗ ಅಲ್ಲಿನ ಅರಸ ಪೋರ್ಚುಗೀಸರ ಆಶ್ರಯ ಬೇಡಿ ಗೋವೆಗೆ ಹೋದ. ಆ ವಂಶ ಅಲ್ಲಿಯೇ ನೆಲೆಸಿತು. ಅಲ್ಲಿಂದ 1799ರವರೆಗೆ ನಾವು ಮೈಸೂರಿನ ಗಡಿಯವರು. ಘಟ್ಟದ ಕೆಳಗೆ ಪೋರ್ಚುಗೀಸರು, ಉತ್ತರಕ್ಕೆ ಮರಾಠರು. ಗಡಿಯವರ ಪಾಡು ಯಾವಾಗಲೂ ಒಂದೇ. ಯಾರ ಸೈನ್ಯ ಬಂದರೂ ಭತ್ತ ಹೋಗುವುದು ನಮ್ಮ ಕಣಜದ್ದೇ.

ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪನಿಗೆ ಸೇರಿತು, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಆ ದಿನಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ನಮ್ಮ ಹಳಿಯಾಳವನ್ನು ಮುಖ್ಯವಾದ ಗಡಿಠಾಣೆಯೆಂದು ಮತ್ತೆ ಮತ್ತೆ ಹೆಸರಿಸಿದ್ದಾನೆ. ಹದಿನೈದು ವರ್ಷಗಳ ನಂತರ, 1815ರಲ್ಲಿ, ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಹೆಸರಾದವನು ಈತನೇ. ಹಳಿಯಾಳದ ಹಳೆಯ ಕೋಟೆಯ ಕಡೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ವೆಲ್ಲೆಸ್ಲಿ ಆಗ ಬೆನ್ನಟ್ಟಿದ್ದು ಧೋಂಡಿಯಾ ವಾಘ್ ಎಂಬವನನ್ನು. ಇವನು ಚನ್ನಗಿರಿಯ ಕಡೆಯ ಮರಾಠಾ ಕುಟುಂಬದವನು. ಹೈದರನ ಸೈನ್ಯದಲ್ಲಿದ್ದ. ಮುಂದೆ ಟಿಪ್ಪುವೇ ಅವನನ್ನು ಸೆರೆಗೆ ಹಾಕಿದ, ಮತಾಂತರವನ್ನೂ ಮಾಡಿಸಿದ. ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಯಿಂದ ಹೊರಬಿದ್ದವನು, ಕೆಲಸ ಕಳೆದುಕೊಂಡ ಮೈಸೂರಿನ ಸಿಪಾಯಿಗಳನ್ನು ಕೂಡಿಸಿಕೊಂಡು ‘ಉಭಯ ಲೋಕಾಧೀಶ್ವರ’ ಎಂದು ಬಿರುದು ಧರಿಸಿ ಕಂಪನಿಗೆ ಸವಾಲು ಹಾಕಿದ. ತನ್ನ ಮೇಲೆ ಬಂದ ಮರಾಠಾ ಸೇನಾನಿ ಧೋಂಡೋಪಂತ ಗೋಖಲೆಯನ್ನು 1800ರಲ್ಲಿ ಕಿತ್ತೂರಿನ ಬಳಿ ಕೊಂದ. ಅದೇ ವರ್ಷ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ವೆಲ್ಲೆಸ್ಲಿಯ ಕುದುರೆ ದಂಡಿಗೆ ಸಿಕ್ಕಿ ಮಡಿದ. ಅವನ ಪುಟ್ಟ ಮಗ ಸಲಾಬತ್ ಖಾನ್ ಸಾಮಾನು ಗಾಡಿಗಳ ನಡುವೆ ಸಿಕ್ಕಾಗ, ಅವನ ಪಾಲನೆಯ ಖರ್ಚನ್ನು ವೆಲ್ಲೆಸ್ಲಿಯೇ ಹೊತ್ತ.

ಈಗ ಧೋಂಡಿಯಾನಿಗೆ ಅಂಚೆಚೀಟಿ ಕೊಡಬೇಕೆಂದು ಪ್ರಸ್ತಾವ ಬಂತೆಂದು ಇಟ್ಟುಕೊಳ್ಳಿ. ಕಂಪನಿಯ ಕಾಗದಪತ್ರಗಳಲ್ಲಿ ಅವನು ದರೋಡೆಕೋರ. ನಮ್ಮ ಕೆಲವು ಇತಿಹಾಸಕಾರರ ಬರಹದಲ್ಲಿ ಸ್ವಾತಂತ್ರ್ಯ ಹೋರಾಟದ ಮುಂಚೂಣಿಯವನು. ಅವನ ಸವಾರರು ಹಾದುಹೋದ ಹಳ್ಳಿಗಳ ರೈತನಿಗೆ? ಆ ರೈತ ಏನನ್ನೂ ಬರೆದಿಟ್ಟಿಲ್ಲ. ಅವನನ್ನು ಕೇಳದೆ ಸಮಿತಿ ಯಾವ ತೀರ್ಮಾನಕ್ಕೆ ಬಂದರೂ ಅದು ಅರ್ಧ ತೀರ್ಮಾನವೇ.

ಇದು ಟಿಪ್ಪು, ಧೋಂಡಿಯಾ ಇಬ್ಬರಿಗಷ್ಟೇ ಸೇರಿದ ಮಾತಲ್ಲ. ನಮ್ಮ ಹಳಿಯಾಳ ಭಾಗದ ಮನೆಮನೆಗಳಲ್ಲಿ ಶಿವಾಜಿ ಮಹಾರಾಜರ ಪಟವಿದೆ. ಅವರು ಸ್ವರಾಜ್ಯ ಕಟ್ಟಿದ ಸಾಹಸವನ್ನು ಹೇಳುತ್ತ ಬೆಳೆದವರು ನನ್ನ ಸಹಪಾಠಿಗಳಲ್ಲಿ ಅರ್ಧದಷ್ಟು ಜನ. ಆ ಗೌರವ ನನಗೂ ಇದೆ. ಆದರೆ 1673ರಲ್ಲಿ ಹುಬ್ಬಳ್ಳಿಯ ಪೇಟೆಯನ್ನು ಲೂಟಿ ಮಾಡಿದ್ದು ಅವರದೇ ಸೈನ್ಯ. ಅಂದಿನ ಹುಬ್ಬಳ್ಳಿಯ ಅಂಗಡಿಕಾರನ ನೆನಪು ಬೇರೆಯೇ ಇದ್ದೀತು. ಹೀಗೆ ಹೇಳಿದರೆ ಮಹಾರಾಜರ ಹಿರಿಮೆ ಕುಗ್ಗುವುದಿಲ್ಲ. ಆ ಕಾಲದ ಯುದ್ಧ ಎಂದರೆ ಏನು ಎಂಬುದು ತಿಳಿಯುತ್ತದೆ, ಅಷ್ಟೇ.

ಇನ್ನು ಸಂಗೊಳ್ಳಿ ರಾಯಣ್ಣ. ಹಳಿಯಾಳದಿಂದ ಬಹಳ ದೂರವೇನಲ್ಲದ ನಂದಗಡದಲ್ಲಿ 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದರು. ಕಿತ್ತೂರು ಬಿದ್ದ ಮೇಲೆ ಇನಾಮು ಜಮೀನುಗಳನ್ನು ಕಸಿದುಕೊಂಡಾಗ ಬಂಡೆದ್ದು, ಸರಕಾರಿ ಕಚೇರಿಗಳನ್ನೂ ಕಾಗದಪತ್ರಗಳನ್ನೂ ಸುಟ್ಟು, ಕಾಡಿನಿಂದ ಹೋರಾಡಿದವನು ಅವನು. ಅಂದಿನ ಸರಕಾರದ ಲೆಕ್ಕದಲ್ಲಿ ಅವನು ಅಪರಾಧಿ. ಇಂದು ನಂದಗಡದ ಅವನ ಸಮಾಧಿಯ ಬಳಿ ಮಕ್ಕಳಾಗಲೆಂದು ಹರಸಿಕೊಂಡು ತೊಟ್ಟಿಲು ಕಟ್ಟುತ್ತಾರೆ. ಅಂಥ ರಾಯಣ್ಣನ ಪ್ರತಿಮೆಯ ವಿಚಾರದಲ್ಲೂ 2020ರಲ್ಲಿ ಬೆಳಗಾವಿ ಬಳಿಯ ಪೀರನವಾಡಿಯಲ್ಲಿ ಜಟಾಪಟಿ ನಡೆಯಿತು, ಶಿವಾಜಿ ಪ್ರತಿಮೆ ಇರುವ ಕಡೆ ಇದು ಬೇಕೇ ಎಂದು. ಕೊನೆಗೆ ಇಬ್ಬರ ಪ್ರತಿಮೆಗಳೂ ಉಳಿದವು. ಶಿವಾಜಿಗೂ ರಾಯಣ್ಣನಿಗೂ ನಡುವೆ ನೂರೈವತ್ತು ವರ್ಷಗಳ ಅಂತರ. ಅವರಿಬ್ಬರೂ ಎಂದೂ ಜಗಳವಾಡಿದವರಲ್ಲ. ಜಗಳವಾಡಿದವರು ನಾವು.

ಚೀಟಿಯೂ ಇಲ್ಲದೆ ಪ್ರತಿಮೆಯ ಜಗಳವೂ ಇಲ್ಲದೆ ಮರೆತುಹೋಗುವವರ ಮಾತನ್ನೂ ಹೇಳಬೇಕು. 1858–59ರಲ್ಲಿ ಸೂಪಾ ಸೀಮೆಯ ಕಾಡುಗಳಲ್ಲಿ, ಅಂದರೆ ಇಂದಿನ ಜೋಯಿಡಾ ತಾಲೂಕಿನಲ್ಲಿ, ಬ್ರಿಟಿಷರ ವಿರುದ್ಧ ಬಂಡಾಯ ನಡೆಯಿತು. ಫಡ್ನಿಸ ಸಹೋದರರ ಜೊತೆಗೆ ಅದರ ಮುಂದಾಳಾಗಿದ್ದವನು ಸಿದ್ದಿ ಬಾಸ್ತಿಯನ್. 1859ರಲ್ಲಿ ಅವನು ಹೋರಾಟದಲ್ಲಿಯೇ ಪ್ರಾಣ ಕೊಟ್ಟ. ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಹೋಯಿತು. ಅಂಚೆಚೀಟಿಗೆ ಒಂದು ಮುಖ ಬೇಕು. ಚಿತ್ರಕಾರನನ್ನು ಎದುರಿಗೆ ಕೂರಿಸಿಕೊಳ್ಳುವ ಯೋಗ ಅರಸರಿಗಿತ್ತು, ಸೂಪಾದ ಕಾಡಿನ ಸಿದ್ದಿಗೆ ಇರಲಿಲ್ಲ. ನಮ್ಮ ಶಾಲೆಯಲ್ಲಿ ಸಿದ್ದಿ ಮಕ್ಕಳು ಓದಿದ್ದಾರೆ, ಓದುತ್ತಿದ್ದಾರೆ. ಓಟದ ಸ್ಪರ್ಧೆ ಬಂದಾಗ ಅವರ ಹೆಸರು ನಮಗೆ ನೆನಪಾಗುತ್ತದೆ. ಇತಿಹಾಸದ ಪಾಠದಲ್ಲಿಯೂ ನೆನಪಾಗಬೇಕು.

ಹೊರದೇಶಗಳಲ್ಲೂ ಇದೇ ಕತೆ

ಈ ಗೊಂದಲ ನಮ್ಮದೊಂದೇ ಅಲ್ಲ. ಅಮೆರಿಕ 1937ರಲ್ಲಿ ತನ್ನ ಸೇನಾನಿಗಳ ಚೀಟಿ ಮಾಲೆ ತಂದಾಗ, ಅಂತರ್ಯುದ್ಧದಲ್ಲಿ ಎದುರುಬದುರು ನಿಂತ ಇಬ್ಬಣಗಳವರನ್ನೂ ಸೇರಿಸಿತು. 3 ಸೆಂಟಿನ ಚೀಟಿಯಲ್ಲಿ ಉತ್ತರದ ಶರ್ಮನ್, ಗ್ರ್ಯಾಂಟ್, ಶೆರಿಡನ್. 4 ಸೆಂಟಿನ ಚೀಟಿಯಲ್ಲಿ ದಕ್ಷಿಣದ ಲೀ ಮತ್ತು ಜಾಕ್ಸನ್. ಇಬ್ಬರಿಗೂ ಸಮಾಧಾನವಾಗಲಿ ಎಂದು ಮಾಡಿದರೂ, ತಮ್ಮ ಊರುಗಳನ್ನು ಸುಟ್ಟ ಶರ್ಮನ್ನನ ಮುಖವಿರುವ ಚೀಟಿಯೇ ಎಂದು ದಕ್ಷಿಣದವರು ಸಿಟ್ಟಾದರು. ಇನ್ನೊಂದು ಕಡೆ, ಗುಲಾಮಗಿರಿ ಉಳಿಸಲು ಹೊರಟ ಪಕ್ಷದ ಪರ ಕಾದಿದ ಲೀಗೆ ಗೌರವವೇ ಎಂದು ಕರಿಯ ಜನಾಂಗದವರು ಕೇಳುವ ಪ್ರಶ್ನೆ ಇಂದಿಗೂ ನಿಂತಿಲ್ಲ. 2017ರಲ್ಲಿ ಐರ್ಲೆಂಡ್ ದೇಶ ಚೆ ಗೆವಾರಾ ಸತ್ತು ಐವತ್ತು ವರ್ಷವಾದ ನೆನಪಿಗೆ 1 ಯೂರೋದ ಚೀಟಿ ತಂದಾಗ, ಕ್ಯೂಬಾ ಬಿಟ್ಟು ಅಮೆರಿಕ ಸೇರಿದವರು ಪ್ರತಿಭಟಿಸಿದರು. ಚೀಟಿಗಳು ಮಾತ್ರ ಬೇಗನೆ ಖಾಲಿಯಾದವು.

ನಮ್ಮ ಹಳಿಯಾಳವನ್ನು ಹೆಸರಿಸಿದ ವೆಲ್ಲಿಂಗ್ಟನ್ನನ ವಾಟರ್ಲೂ ಗೆಲುವಿಗೆ 2015ರಲ್ಲಿ ಇನ್ನೂರು ವರ್ಷವಾಯಿತು. ಬೆಲ್ಜಿಯಂ ಅದರ ನೆನಪಿಗೆ 2 ಯೂರೋದ ನಾಣ್ಯ ತರಲು ಹೊರಟಾಗ ಫ್ರಾನ್ಸ್ ಆಕ್ಷೇಪಿಸಿತು. ನಮ್ಮ ಸೋಲಿನ ನೆನಪನ್ನು ನಮ್ಮ ಜನರ ಜೇಬಿನಲ್ಲೇ ಇಡುತ್ತೀರಾ ಎಂಬುದು ಅದರ ವಾದದ ತಿರುಳು. ಬೆಲ್ಜಿಯಂ ಆಗ ತನ್ನ ದೇಶದಲ್ಲಷ್ಟೇ ಚಲಿಸುವ ಎರಡೂವರೆ ಯೂರೋದ ನಾಣ್ಯ ಹೊರಡಿಸಿ ಪಾರಾಯಿತು. ಟಿಪ್ಪುವಿನ ವಿಷಯದಲ್ಲೂ ಇಂಥದೇ ಒಂದು ವಿಚಿತ್ರವಿದೆ. ನಾವು 1974ರಲ್ಲಿ ಚೀಟಿ ತಂದರೆ, 1979ರಲ್ಲಿ ಪಾಕಿಸ್ತಾನ ತನ್ನ ಸ್ವಾತಂತ್ರ್ಯದ ಹರಿಕಾರರ ಮಾಲೆಯಲ್ಲಿ ಅವನ ಚೀಟಿ ತಂದಿತು. ದೇವನಹಳ್ಳಿಯಲ್ಲಿ ಹುಟ್ಟಿ ಶ್ರೀರಂಗಪಟ್ಟಣದಲ್ಲಿ ಮಡಿದವನನ್ನು ಎರಡು ದೇಶಗಳು ಎರಡು ಅರ್ಥದಲ್ಲಿ ತಮ್ಮವನೆಂದವು.

ಈ ಗೋಜೇ ಬೇಡವೆಂದು ಮುಖವಿಲ್ಲದ ಚೀಟಿ ಮಾಡಿದವರೂ ಇದ್ದಾರೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ನರ ನಾಡು ಒಂದು ಕಾಲಕ್ಕೆ ತನ್ನದೇ ಅಂಚೆಚೀಟಿ ಹೊರಡಿಸುತ್ತಿತ್ತು. 1912ರ ಆ ಚೀಟಿಗಳ ಮೇಲಿದ್ದುದು ಹಿಮಸಿಂಹದ ಚಿತ್ರ.

ಹಾಗಾದರೆ ಏನು ಮಾಡಬೇಕು?

ವಿವಾದವಿರುವವರ ಚೀಟಿಯೇ ಬೇಡ ಎಂಬುದು ಸುಲಭದ ಉತ್ತರ. ಹಾಗೆ ಹೊರಟರೆ ಯುದ್ಧ ಮಾಡಿದ ಯಾರೊಬ್ಬರೂ ಉಳಿಯುವುದಿಲ್ಲ. ಬಹುಮತದವರಿಗೆ ಬೇಕಾದವರದ್ದಷ್ಟೇ ಇರಲಿ ಎಂಬುದು ಇನ್ನೊಂದು ಉತ್ತರ. ಅದು ಅಪಾಯದ್ದು. ಸರಕಾರ ಬದಲಾದಂತೆಲ್ಲ ವೀರರೂ ಬದಲಾಗುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ಚೀಟಿಯನ್ನೂ ಜಯಂತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚೀಟಿ ‘ಇಂಥವನೊಬ್ಬನಿದ್ದ, ನಮ್ಮ ಇತಿಹಾಸದಲ್ಲಿ ಇವನಿಗೆ ಮಹತ್ವವಿದೆ’ ಎನ್ನುತ್ತದೆ. ಬೇಕಾದವರು ಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಜಯಂತಿಯಾದರೆ ಪ್ರತಿ ವರ್ಷ ಪ್ರತಿ ತಾಲೂಕಿನಲ್ಲಿ ಹೂಮಾಲೆ ಹಿಡಿದು ನಿಲ್ಲು ಎನ್ನುತ್ತದೆ. ಸೆರೆ ಹೋದವರ ಮರಿಮಕ್ಕಳೂ ಅಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ 1974ರ ಚೀಟಿ ತಪ್ಪಲ್ಲ ಎಂದೇ ನಾನು ತಿಳಿಯುತ್ತೇನೆ. ಆದರೆ ಪ್ರತಿ ಸ್ಮರಣಾರ್ಥ ಚೀಟಿಯ ಜೊತೆಗೆ ಇಲಾಖೆ ಒಂದು ಮಾಹಿತಿ ಪತ್ರವನ್ನು ಕೊಡುತ್ತದೆ. ಬರೀ ಹೊಗಳಿಕೆಗೆ ಮೀಸಲಾದ ಆ ಹಾಳೆಯಲ್ಲಿ, ಆ ವ್ಯಕ್ತಿಯ ಕತ್ತಿಗೆ ಸಿಕ್ಕವರ ಬಗ್ಗೆಯೂ ನಾಲ್ಕು ಸಾಲು ಇರಬೇಕು. ಚಿತ್ರ ಚಿಕ್ಕದಾದರೂ ಹಾಳೆಯಲ್ಲಿ ಜಾಗವಿದೆಯಲ್ಲ.

ಇದು ಪುಸ್ತಕದ ಚರ್ಚೆ ಮಾತ್ರ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲವು ವರ್ಷಗಳ ಹಿಂದೆ ಟಿಪ್ಪುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಎಂಟನೆಯ ತರಗತಿಯಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಡಬ್ಬಿಯಲ್ಲಿ ಊಟ ಮಾಡಿದ ಇಬ್ಬರು ಗೆಳೆಯರು ಗುಂಪು ಬಿಟ್ಟು ಹೋದರು. ಒಬ್ಬನ ಮನೆಯ ಮದುವೆಗೆ ಇನ್ನೊಬ್ಬ ಹೋಗಲಿಲ್ಲ. ಅವರಲ್ಲಿ ಯಾರೂ ಶೃಂಗೇರಿಯ ಪತ್ರ ಓದಿದವರಲ್ಲ, ಮಂಗಳೂರಿನ ಸೆರೆಯ ಚರಿತ್ರೆ ಓದಿದವರೂ ಅಲ್ಲ. ಇಬ್ಬರೂ ಓದಿದ್ದು ಮೊಬೈಲಿಗೆ ಬಂದ ಫಾರ್ವರ್ಡ್‌ಗಳನ್ನು. 1799ರಲ್ಲಿ ಸತ್ತವನಿಗಾಗಿ 2000ದ ದಶಕದ ಸ್ನೇಹ ಮುರಿಯಿತು. ಈ ಸಂಚಿಕೆ ಅವರಿಬ್ಬರ ಕೈಗೂ ಹೋಗುತ್ತದೆಂದು ನನಗೆ ಗೊತ್ತು. ಸುವರ್ಣ ಮಹೋತ್ಸವದ ದಿನ ಇಬ್ಬರೂ ಬರಬೇಕೆಂಬುದು ನಮ್ಮ ಬ್ಯಾಚಿನವರೆಲ್ಲರ ಆಸೆ.

ನಮ್ಮ ಸಮಾಜ ವಿಜ್ಞಾನದ ಸರ್ ಒಂದು ಮಾತು ಹೇಳುತ್ತಿದ್ದರು, ಉತ್ತರ ಬರೆಯುವಾಗ ಕಾರಣಗಳನ್ನೂ ಬರೆಯಿರಿ, ಪರಿಣಾಮಗಳನ್ನೂ ಬರೆಯಿರಿ, ಒಂದನ್ನೇ ಬರೆದರೆ ಅರ್ಧ ಅಂಕ ಎಂದು. ಆ ಮಾತನ್ನು ಅನುಸರಿಸಿ ಶಾಲೆಯ ಗ್ರಂಥಾಲಯಕ್ಕೆ ಒಂದು ಆಲ್ಬಮ್ ಕೊಡುತ್ತಿದ್ದೇನೆ. ಅದರಲ್ಲಿ 1957ರ ಲಕ್ಷ್ಮೀಬಾಯಿ, 1961ರ ಶಿವಾಜಿ, 1974ರ ಟಿಪ್ಪು, 1977ರ ಚೆನ್ನಮ್ಮ, ಈ ನಾಲ್ಕು ಚೀಟಿಗಳಿವೆ. ಪ್ರತಿ ಚೀಟಿಯ ಎಡಕ್ಕೊಂದು ಬಲಕ್ಕೊಂದು ಖಾಲಿ ಹಾಳೆಗಳಿವೆ. ಎಡಗಡೆಯ ಹಾಳೆಯಲ್ಲಿ ಆ ವ್ಯಕ್ತಿಯನ್ನು ಮೆಚ್ಚುವವರ ಮಾತು, ಬಲಗಡೆಯದರಲ್ಲಿ ಅವರಿಂದ ನೊಂದವರ ಅಥವಾ ಅವರೆದುರು ನಿಂತವರ ಮಾತು. ಒಂಬತ್ತನೆಯ ತರಗತಿಯ ಮಕ್ಕಳು ಹಿರಿಯರನ್ನು ಕೇಳಿ, ಪುಸ್ತಕ ಹುಡುಕಿ ಎರಡನ್ನೂ ತುಂಬಲಿ, ಎರಡನ್ನೂ ಒಬ್ಬರೇ ಬರೆಯಲಿ ಎಂದು ಈಗಿನ ಗುರುಗಳಲ್ಲಿ ವಿನಂತಿಸಿದ್ದೇನೆ. ಕೊನೆಯಲ್ಲಿ ಚೀಟಿ ಇಲ್ಲದ ಒಂದು ಪುಟ ಬಿಟ್ಟಿದ್ದೇನೆ. ಅದು ಸೂಪಾದ ಸಿದ್ದಿ ಬಾಸ್ತಿಯನ್ನನಿಗೆ. ಜೋಯಿಡಾ, ಹಳಿಯಾಳ, ಮುಂಡಗೋಡ ಕಡೆಯ ಹಿರಿಯರಲ್ಲಿ ಯಾರಿಗಾದರೂ ಅವನ ಬಗ್ಗೆ ಹಾಡು, ಕತೆ, ಜಾಗದ ಹೆಸರು ತಿಳಿದಿದ್ದರೆ ದಯವಿಟ್ಟು ಶಾಲೆಗೆ ಬಂದು ಮಕ್ಕಳಿಗೆ ಹೇಳಿ. ಬರೆದುಕೊಳ್ಳಲು ಅವರು ಸಿದ್ಧರಿದ್ದಾರೆ.